ಬ್ಯಾರನ್ ಬಾಗಿಲಿನ ಸ್ಪೀಕರ್ ಜೋಡಿ

ಸ್ಪಂದನಾ,

ಹೊಗೆಸೊಪ್ಪಿನ ಹರಾಜಿಗೆ ಪಿರಿಯಾಪಟ್ಟಣಕ್ಕೆ ಹೋಗುತ್ತಿದ್ದೇನೆ. ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಸಾರು ಒಲೆಯ ಮೇಲಿದೆ, ನಿಮ್ಮವ್ವನಿಗೂ ಬಡಿಸು.

ಬಣ್ಣದ ಲೈಟು ಮಿನುಗುವ ಸ್ಪೀಕರನ್ನು ಫೋನಿನಲ್ಲಿ ತೋರಿಸಿದೆಯಲ್ಲ, ಅದನ್ನು ತರಿಸಬೇಡ. ಮೈಸೂರಿನಲ್ಲಿ ನೀನೂ ರಾಧಾಳೂ ಹಿಡಿದಿರುವುದು ಒಂದೇ ರೂಮಿನ ಮನೆ, ಕೆಳಗೇ ಮಾಲೀಕರಿದ್ದಾರೆ. ಅಷ್ಟು ಗುದ್ದುವ ಸದ್ದು ಅಲ್ಲಿ ನಡೆಯುವುದಿಲ್ಲ. ಕಡಿಮೆ ಖರ್ಚಿನದು ಬೇಕೆಂದರೆ ಮನೆಯಲ್ಲೇ ಇದೆ. ರಾತ್ರಿಯಿಡೀ ಬೆಂಕಿ ಹಾಕಿ ಹೊಗೆಸೊಪ್ಪು ಬೇಯಿಸುವಾಗ ನಿದ್ದೆ ಬರದಿರಲೆಂದು ನಿಮ್ಮಣ್ಣ ಬ್ಯಾರನ್ ಮನೆಯ ಬಾಗಿಲಲ್ಲಿ ಇಟ್ಟುಕೊಳ್ಳುತ್ತಿದ್ದ ಆ ಜೋಡಿ. ಸಣ್ಣವಾದರೂ ದನಿ ಸ್ಪಷ್ಟ. ನನ್ನನ್ನು ಕೇಳಲು ನೀನು ಹಿಂಜರಿದೆ ಅಂತ ಗೊತ್ತು.

ನಿನ್ನೆ ನಿಮ್ಮವ್ವನ ಹತ್ತಿರ ಮಾತೆತ್ತಿದೆ. "ಅವ್ನ ಸಾಮಾನ ಮುಟ್ಬ್ಯಾಡ ಕಣವ್ವ" ಅಂದರು. ನಾನು ಪಾತ್ರೆ ತೊಳೆಯಲು ಹೋದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ, "ತಂಗಿಗಲ್ವಾ, ತಗೊಂಡೋಗ್ಲಿ ಬುಡು. ಆಯುಧಪೂಜೇಲಿ ಇಟ್ಟಿದ್ ಕುಂಕುಮ ಮಾತ್ರ ಒರೆಸ್ಬ್ಯಾಡ ಅನ್ನು" ಅಂದರು. ಒರೆಸಬೇಡ. ಹೊಗೆಗೆ ಹಳದಿಯಾದ ಸ್ಪೀಕರಿನ ಮುಂದಿನ ಬಟ್ಟೆಯನ್ನೂ ತೊಳೆಯಲು ಹೋಗಬೇಡ, ಒಳಗೆ ನೀರಿಳಿದರೆ ಕೆಡುತ್ತದೆ.

ಒಂದರ ವೈರು ಸಡಿಲವಾಗಿದೆ. ಗಾವಡಗೆರೆಯಲ್ಲಿ ಉಮಾಶಂಕರನ ಅಂಗಡಿಗೆ ಇವತ್ತೇ ಒಯ್ದು ಬೆಸುಗೆ ಹಾಕಿಸು. ಮಧ್ಯಾಹ್ನದವರೆಗೆ ಮಲಗಿದರೆ ಅವನು ಊಟಕ್ಕೆ ಹೋಗಿರುತ್ತಾನೆ.

ನಿಮ್ಮಣ್ಣ ತೀರಿಕೊಂಡ ಮೇಲೆ ಈ ಮನೆಯಲ್ಲಿ ಯಾರೂ ಹಾಡು ಹಾಕಿಲ್ಲ. ನನಗೆ ಬೇಸರವಾಗುತ್ತದೆ ಅಂತ ನೀವೇ ಅಂದುಕೊಂಡಿರಿ. ನಾನೂ ಅಲ್ಲ ಅನ್ನಲಿಲ್ಲ.

ಸಂಜೆ ಬಸ್ಸಿಗೆ ಬರುತ್ತೇನೆ. ಜಗಲಿಯಲ್ಲಿಟ್ಟು ಜೋರಾಗಿ ಹಾಕಿರು. ನನಗೆ ಬಸ್ ಸ್ಟಾಪಿನಿಂದಲೇ ಕೇಳಿಸಲಿ.

ಅತ್ತಿಗೆ