ಹತ್ತೊಂಬತ್ತನೇ ನಂಬರಿನ ಕಾರು

ಭಾನುವಾರ, ನವೆಂಬರ್ ೧೪
ಮಧ್ಯಾಹ್ನ

ಮಗಳೇ,

ನೀನೂ ಅಳಿಯಂದಿರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಇಷ್ಟು ಹೊತ್ತಿಗೆ ನನ್ನನ್ನು ಚೆನ್ನಾಗಿ ಬೈದುಕೊಂಡಿರುತ್ತೀಯ. ತಪ್ಪು ನನ್ನದೇ. ಸೀಟು ಹೊಲಿಯುವ ದಬ್ಬಳ ಹೆಬ್ಬೆರಳಿಗೆ ಹೊಕ್ಕು ಒಂದು ವಾರ ಪೆನ್ನು ಹಿಡಿಯಲಾಗಲಿಲ್ಲ ಎನ್ನುವುದು ನಿಜ. ಉಳಿದ ಎರಡು ವಾರಕ್ಕೆ ನನ್ನ ಹತ್ತಿರ ನೆಪವಿಲ್ಲ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು’ ಅಂದು ಇಟ್ಟುಬಿಡುತ್ತೇವೆ. ಕಾಗದವೇ ವಾಸಿ.

ಮೊದಲು ನೀನು ಕೇಳಿದ ಕೆಂಪು ಕಾರಿನ ವಿಷಯ. ಫೋಟೋದಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನೋಡಿ ನಾನು ಏನೂ ಹೇಳಲಾರೆ. ನೀನೇ ಹೋಗಿ ಡ್ರೈವರ್ ಸೀಟಿನ ಬೆಲ್ಟನ್ನು ಪೂರ್ತಿ ಹೊರಗೆ ಎಳೆ. ತುದಿಯಲ್ಲಿ ಮಣ್ಣಿನ ಕಲೆ ಇದ್ದರೆ ಆ ಕಾರು ಎಂದೋ ನೀರಿನಲ್ಲಿ ಮುಳುಗಿದೆ ಅಂತ ಅರ್ಥ, ಹಿಂದೆ ತಿರುಗಿ ನೋಡದೆ ಬಂದುಬಿಡು. ಕಾಲುಹಾಸಿನ ಕೆಳಗೆ ಕೈ ಹಾಕಿ ತೇವ ನೋಡು. ಆಮೇಲೆ ಪೆಡಲ್ಲಿನ ರಬ್ಬರು ನೋಡು. ಮೀಟರು ಮೂವತ್ತು ಸಾವಿರ ಓಡಿದೆ ಅನ್ನುತ್ತದೆ, ಸವೆದ ರಬ್ಬರು ಲಕ್ಷ ದಾಟಿದೆ ಅನ್ನುತ್ತದೆ. ನಾನು ಯಾವತ್ತೂ ರಬ್ಬರನ್ನೇ ನಂಬುವವಳು. ಮಾರುವವನು ತುಂಬ ಮಾತಾಡಿದರೆ ಮಾತಾಡಲು ಬಿಡು, ನೀನು ಮಾತ್ರ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿರು. ತಾನಾಗಿಯೇ ಬೆಲೆ ಇಳಿಸುತ್ತಾನೆ.

ಇನ್ನು ನನ್ನ ಸುದ್ದಿ. ನಗಬೇಡ, ನಿನ್ನ ಅಮ್ಮ ಈಗ ತೀರ್ಪುಗಾರ್ತಿ. ಇಲ್ಲಿ ಹಳೆ ಕಾರು ಇಟ್ಟುಕೊಂಡಿರುವವರ ಸಂಘವೊಂದಿದೆ. ವರ್ಷಕ್ಕೊಮ್ಮೆ ರೈಲ್ವೆ ಸ್ಟೇಷನ್ನಿನ ಹಿಂದಿನ ಮೈದಾನದಲ್ಲಿ ಎಲ್ಲರೂ ತಮ್ಮ ತಮ್ಮ ಕಾರು ತಂದು ಸಾಲಾಗಿ ನಿಲ್ಲಿಸುತ್ತಾರೆ. ಮೂವರು ಸೇರಿ ಒಂದೊಂದನ್ನೂ ನೋಡಿ, ಅದರ ಯೋಗ್ಯತೆ ಎಷ್ಟು, ಈಗ ಯಾವ ಬೆಲೆಗೆ ಹೋದೀತು ಅಂತ ಒಂದು ಹಾಳೆಯಲ್ಲಿ ಬರೆದುಕೊಡಬೇಕು. ಈ ಸಲ ಸೀಟು, ಒಳಮೈ ನೋಡಲು ನನ್ನನ್ನು ಕರೆದರು. ಎಂಜಿನ್ನಿಗೆ ಕಿವಿ ಮಾಮ. ನಿನ್ನ ಅಪ್ಪನ ಗೆಳೆಯರು, ಬಾನೆಟ್ಟಿಗೆ ಕಿವಿ ಒಡ್ಡಿ ರೋಗ ಹೇಳುತ್ತಿದ್ದರಲ್ಲ, ಅವರೇ. ಎಪ್ಪತ್ತಾರು ವರ್ಷ. ಹೆಂಡತಿ ಕರೆದರೆ ಕೇಳಿಸುವುದಿಲ್ಲವಂತೆ, ಎಂಜಿನ್ನು ಮಾತ್ರ ಕೇಳಿಸುತ್ತದಂತೆ. ಮೂರನೆಯವನು ಸೆಕೆಂಡ್ ಹ್ಯಾಂಡ್ ಕಾರು ಮಾರುವ ಸಾಹುಕಾರ. ಕಾರಿನ ಸುತ್ತ ಒಂದು ಸುತ್ತು ಬಂದು ಬೆಲೆ ಹೇಳಿಬಿಡುತ್ತಾನೆ, ಸಾಮಾನ್ಯವಾಗಿ ತಪ್ಪುವುದಿಲ್ಲ.

ಬಂದವರೋ ಒಬ್ಬರಿಗಿಂತ ಒಬ್ಬರು. ಒಬ್ಬ ನಿವೃತ್ತ ಹೆಡ್‌ಮಾಸ್ಟರು ಕಾರು ಕೊಂಡ ದಿನದಿಂದ ಇವತ್ತಿನವರೆಗೆ ಸೀಟಿನ ಪ್ಲಾಸ್ಟಿಕ್ ಕಿತ್ತಿಲ್ಲ. ನಲವತ್ತು ವರ್ಷ ಅವರ ಹೆಂಡತಿ ಆ ಪ್ಲಾಸ್ಟಿಕ್ಕಿನ ಮೇಲೆ ಬೆವರುತ್ತಾ ಕೂತಿದ್ದಾರೆ. “ಇವರು ನನ್ನನ್ನೂ ಹೀಗೆ ಇಟ್ಕೊಂಡಿದ್ರೆ ನಾನೂ ಹೊಸದಾಗೇ ಇರ್ತಿದ್ದೆ,” ಅಂದರು ಆಕೆ, ನನ್ನ ಕಿವಿಯ ಹತ್ತಿರ ಬಂದು. ಇನ್ನೊಬ್ಬ ಒಳಗೆಲ್ಲ ಸೆಂಟು ಹೊಡೆದುಕೊಂಡು ಬಂದಿದ್ದ. ಯಾಕೆ ಹೊಡೆದಿದ್ದಾನೆಂದು ಸೀಟು ಎತ್ತಿದ ಮೇಲೆ ಗೊತ್ತಾಯಿತು, ಇಲಿಗಳ ಸಂಸಾರ.

ಬೆಲೆ ಕಟ್ಟುವಾಗ ನನಗೂ ಸಾಹುಕಾರನಿಗೂ ಪ್ರತಿ ಕಾರಿಗೂ ಜಗಳ. ಒಂದು ಪುಟ್ಟ ನೀಲಿ ಕಾರು ನನಗೆ ಬಹಳ ಹಿಡಿಸಿತು, ಅದರ ಮುಖ ನಕ್ಕಂತೆ ಇತ್ತು. ನಾನು ಜಾಸ್ತಿ ಅಂಕ ಹಾಕಿದೆ. “ಅಕ್ಕಾ, ನೀವು ಮನಸಿಗೆ ಅಂಕ ಹಾಕ್ತಿದ್ದೀರಿ,” ಅಂದ ಅವನು. “ಬೆಲೆ ಬೇರೆ, ಆಸೆ ಬೇರೆ. ನಾನು ಬೆಲೆ ಹೇಳ್ತೀನಿ. ಆಸೆ ಎಷ್ಟು ಅಂತ ಕೊಳ್ಳೋನು ಹೇಳ್ಬೇಕು.” ಅವನ ಮಾತಿನಲ್ಲಿ ಹುರುಳಿದೆ ಅನ್ನಿಸಿ ಎರಡು ಅಂಕ ಕಡಿಮೆ ಮಾಡಿದೆ. ಮಾಡಿದ್ದಕ್ಕೆ ಇವತ್ತಿಗೂ ಬೇಜಾರಿದೆ.

ಹತ್ತೊಂಬತ್ತನೇ ನಂಬರಿನದು ಒಂದು ಕೆನೆಬಣ್ಣದ ಕಾರು. ಮಾಲೀಕರು ಕಣ್ಣಿನ ಡಾಕ್ಟರು, ಐವತ್ತರ ಆಸುಪಾಸಿನ ಮೃದು ಮನುಷ್ಯ. ಐದು ವರ್ಷದ ಕೆಳಗೆ ಇನ್ಯಾರಿಂದಲೋ ಕೊಂಡರಂತೆ. ಬಣ್ಣವೊಂದು ಬಿಟ್ಟು ಮಿಕ್ಕಿದ್ದೆಲ್ಲ ಕಂಪನಿಯಿಂದ ಬಂದ ಹಾಗೆಯೇ ಇದೆ, ಸೀಟು ಕೂಡ, ಅಂದರು. ಅವರ ಪಕ್ಕದಲ್ಲಿ ಕೋಟು ಹಾಕಿದ ಒಬ್ಬರಿದ್ದರು. ಮೂಲದ ಸ್ಥಿತಿಯಲ್ಲಿರುವ ಕಾರುಗಳನ್ನಷ್ಟೇ ಸಂಗ್ರಹಿಸುವವರು. ನಮ್ಮ ಹಾಳೆಯಲ್ಲಿ ‘ಒಳಮೈ ಮೂಲದ್ದು’ ಅಂತ ಬಂದರೆ ಅಲ್ಲಿಯೇ ವ್ಯಾಪಾರ ಮುಗಿಸಲು ಬಂದಿದ್ದರು. ಹಾಗೆ ಬಂದರೆ ಬೆಲೆ ಎರಡರಷ್ಟು ಅಂತ ಸಾಹುಕಾರ ನನಗೆ ಮೆಲ್ಲಗೆ ಹೇಳಿದ.

ನಾನು ಹಿಂದಿನ ಸೀಟಿನ ಮೇಲೆ ಕೈಯಾಡಿಸಿದೆ. ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಿತು. ಅಂಚಿನ ಹೊಲಿಗೆ ಎಡಕ್ಕೆ ವಾಲಿತ್ತು. ನನ್ನ ಹಾಗೆ ಎಡಗೈಯಲ್ಲಿ ಹೊಲಿಯುವವರು ಎಷ್ಟು ಜನ ಇದ್ದಾರೆ ಹೇಳು. ಸೀಟನ್ನು ಎತ್ತಿ ಅಡಿ ನೋಡಿದೆ. ಒಳಗಿನ ಪದರಕ್ಕೆ ಹಿಟ್ಟಿನ ಚೀಲದ ಬಟ್ಟೆ, ಅದರ ಮೇಲೆ ಮಾಸಿದ ಅರ್ಧ ಅಕ್ಷರಗಳು.

ಅದು ನಮ್ಮ ಕಾರು, ಮಗಳೇ.

ನೀನು ಹೊಟ್ಟೆಯಲ್ಲಿದ್ದಾಗ ನಿನ್ನ ಅಪ್ಪ ಅದನ್ನು ಗುಜರಿಯವನಿಂದ ಎಳೆಸಿಕೊಂಡು ಬಂದಿದ್ದರು. ಚಕ್ರ ಎರಡೇ ಇದ್ದವು. “ಇದಕ್ಕೆ ಏನಿದೆ ಅಂತ ತಂದ್ರಿ?” ಅಂದೆ. “ಗೆರೆ ನೋಡು, ಈ ಬೆನ್ನಿನ ಗೆರೆ ನೋಡು,” ಅಂದರು. ತಗಡಿನ ಕೆಲಸ ಅವರದು, ಸೀಟಿನ ಕೆಲಸ ನನ್ನದು. ಎರಡು ವರ್ಷ ಹಿಡಿಯಿತು. ಅವರು ಹೊರಗೆ ಸುತ್ತಿಗೆಯಲ್ಲಿ ಕುಟ್ಟುತ್ತಿದ್ದರೆ ನೀನು ಒಳಗೆ ನಿದ್ದೆ ಮಾಡುತ್ತಿದ್ದೆ, ಕುಟ್ಟುವುದು ನಿಂತರೆ ಎದ್ದು ಅಳುತ್ತಿದ್ದೆ. ನಿನ್ನನ್ನು ಮಲಗಿಸಲಿಕ್ಕಾಗಿಯೇ ಅವರು ಎಷ್ಟೋ ಸಲ ಖಾಲಿ ಡಬ್ಬ ಕುಟ್ಟಿದ್ದಾರೆ. ಸೀಟಿಗೆ ಒಳ್ಳೆಯ ಹೊರಬಟ್ಟೆ ತಂದಿದ್ದೆವು, ಒಳಪದರಕ್ಕೆ ಮಾತ್ರ ಮನೆಯಲ್ಲಿದ್ದ ಹಿಟ್ಟಿನ ಚೀಲಗಳನ್ನೇ ಒಗೆದು ಹಾಕಿದೆ. ಅದು ನಾನು ಹೊಲಿದ ಮೊದಲನೇ ಸೀಟು. ಆಮೇಲೆ ಸಾವಿರ ಸೀಟು ಹೊಲಿದಿದ್ದೇನೆ, ಆ ಕೆಲಸ ಮತ್ತೆ ಬರಲಿಲ್ಲ.

ಆಗ ಅದು ಬೂದು ಬಣ್ಣ. ಇಳಿಜಾರಿನಲ್ಲಿ ಅಪ್ಪ ಎಂಜಿನ್ನು ಆರಿಸಿ ಸುಮ್ಮನೆ ಉರುಳಲು ಬಿಡುತ್ತಿದ್ದರು, ಗಾಳಿಯ ಸದ್ದು ಮಾತ್ರ ಇರುತ್ತಿತ್ತು. ಹಾಗೆ ಮಾಡಬಾರದು ಅಂತ ಬೈಯುತ್ತಿದ್ದವಳು ನಾನು. ಆ ಸದ್ದು ಬೇಕೆಂದು ಹಟ ಮಾಡುತ್ತಿದ್ದವಳು ನೀನು.

ಕಿವಿ ಮಾಮನ ಕಡೆ ನೋಡಿದೆ. ಅವರು ಹತ್ತಿರ ಬಂದು, “ಬಾನೆಟ್ ಎತ್ತಿದಾಗ್ಲೇ ಗೊತ್ತಾಯ್ತಮ್ಮ,” ಅಂದರು. “ಮೂರನೇ ಸಿಲಿಂಡರು ಇನ್ನೂ ಹಾಗೇ ಕೆಮ್ತಿದೆ. ನೀನು ಹೇಳ್ತೀಯೋ ಇಲ್ವೋ ಅಂತ ಸುಮ್ನಿದ್ದೆ.”

“ಹೇಳದೆ ಇದ್ರೆ?”

“ನಾನೂ ಹೇಳಲ್ಲ. ನಿನ್ನ ಕಾರು, ನಿನ್ನ ಹೊಲಿಗೆ.”

ಸುಮ್ಮನಿರಬಹುದಿತ್ತು. ಡಾಕ್ಟರಿಗೆ ಲಾಭ, ಕೋಟಿನವರಿಗೆ ಸಂತೋಷ, ಯಾರಿಗೂ ಅನ್ಯಾಯವಾದಂತೆ ಕಾಣುತ್ತಿರಲಿಲ್ಲ. ಆದರೆ ನನ್ನ ಕೈಕೆಲಸವನ್ನು ಯಾವುದೋ ಕಾರ್ಖಾನೆಯ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸು ಬರಲಿಲ್ಲ. ಇದು ಪ್ರಾಮಾಣಿಕತೆಯೋ ಜಂಬವೋ ನೀನೇ ಹೇಳು. ಡಾಕ್ಟರನ್ನು ಪಕ್ಕಕ್ಕೆ ಕರೆದೆ.

“ಸೀಟು ಕಂಪನಿದಲ್ಲ ಡಾಕ್ಟ್ರೇ. ಕೈಯಲ್ಲಿ ಹೊಲಿದಿದ್ದು.”

“ಅದು ಹೇಗೆ ಹೇಳ್ತೀರಿ? ಹಿಂದೆ ಇಬ್ರು ಬಲ್ಲೋರು ನೋಡಿ ಒರಿಜಿನಲ್ಲೇ ಅಂದಿದ್ದಾರೆ.”

“ಹೊಲಿದೋಳು ನಾನೇ.”

ಅವರು ಮೊದಲು ನಂಬಲಿಲ್ಲ. ಸೀಟಿನ ಅಡಿ ತೋರಿಸಿದೆ. ಚೀಲದ ಮೇಲಿನ ಅಕ್ಷರ ಓದಲು ಕನ್ನಡಕ ತೆಗೆದು ಬಗ್ಗಿದರು. ಕಣ್ಣಿನ ಡಾಕ್ಟರಿಗೆ ಕಾಣದೆ ಇರುತ್ತದೆಯೇ. ಎದ್ದು ನಿಂತಾಗ ಅವರ ಮುಖ ಬಾಡಿತ್ತು. “ಹಾಗೆ ಬರೆದ್ರೆ ಅವರು ತಗೊಳ್ಳಲ್ಲ,” ಅಂದರು. ಆಸ್ಪತ್ರೆಗೆ ಹೊಸ ಯಂತ್ರ ಬೇಕಾಗಿ ಕಾರು ಮಾರಲು ಹೊರಟಿದ್ದರಂತೆ, ಅದನ್ನು ಆಮೇಲೆ ತಿಳಿದೆ. ಆಗ ತಿಳಿದಿದ್ದರೂ ನಾನು ಬೇರೆ ಬರೆಯುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

‘ಸೀಟುಗಳು ಮೂಲದವಲ್ಲ. ಕೈಹೊಲಿಗೆ. ಹೊಲಿದವರು ಕೆಳಗೆ ಸಹಿ ಮಾಡಿರುವವರು’ ಅಂತ ಬರೆದು ಸಹಿ ಹಾಕಿದೆ. ಕೋಟಿನವರು ಹಾಳೆ ಓದಿ, ಮೂಗು ಮುರಿದು, ತಲೆಯ ಮೇಲೆ ಕೆಂಪು ದೀಪವಿದ್ದ ಇನ್ನೊಂದು ಕಾರಿನ ಕಡೆ ಹೋದರು. ಸಾಹುಕಾರ ಬೆಲೆಯ ಜಾಗದಲ್ಲಿ ಮೊದಲು ಬರೆದದ್ದನ್ನು ಹೊಡೆದು ಅರ್ಧ ಬರೆದ. ಬರೆದವನು ನನ್ನ ಮುಖ ನೋಡಲಿಲ್ಲ.

ಡಾಕ್ಟರು ಕೋಪ ಮಾಡಿಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆ. ಕಾರಿನ ಬಾಗಿಲು ತೆಗೆದು, “ಒಂದು ಸುತ್ತು ಕೂರ್ತೀರಾ?” ಅಂದರು. ಡ್ರೈವರಿನ ಪಕ್ಕದ ಸೀಟಿನಲ್ಲಿ, ನಿನ್ನ ಜಾಗದಲ್ಲಿ, ಕೂತೆ. ಮೈದಾನದ ಸುತ್ತ ನಿಧಾನವಾಗಿ ಓಡಿಸಿದರು. ಒಳಗೆ ಅಪ್ಪನ ವಾಸನೆ ಇರುತ್ತದೇನೋ ಅಂತ ಹುಚ್ಚಿಯ ಹಾಗೆ ಮೂಸಿ ನೋಡಿದೆ. ಇರಲಿಲ್ಲ. ಪಾಲಿಶ್ಶಿನ ವಾಸನೆ ಇತ್ತು ಅಷ್ಟೆ.

“ಇಷ್ಟು ಕಷ್ಟಪಟ್ಟು ಮಾಡಿದ್ದನ್ನ ಯಾಕೆ ಮಾರಿದ್ರಿ?” ಅಂತ ಕೇಳಿದರು. ನಾನು ಕಿಟಕಿಯ ಗಾಜು ಇಳಿಸುವ ಹಿಡಿಯನ್ನು ತಿರುಗಿಸುತ್ತಾ ಕೂತೆ. ಒಳ್ಳೆಯ ಮನುಷ್ಯ, ಮತ್ತೆ ಕೇಳಲಿಲ್ಲ.

ಎರಡು ವಾರದ ಕೆಳಗೆ ಅಂಗಡಿಗೆ ಬಂದಿದ್ದರು. ಯಂತ್ರಕ್ಕೆ ಬೇರೆ ದಾರಿ ನೋಡಿಕೊಂಡರಂತೆ. ಆದರೂ ಕಾರು ಮಾರುವುದು ಮಾರುವುದೇ, ಸಾಹುಕಾರ ಬರೆದ ಬೆಲೆಗೇ ನಮಗೆ ಕೊಡುತ್ತಾರಂತೆ. ನೀನು ಕಾರು ಹುಡುಕುತ್ತಿರುವುದನ್ನು ಹೇಳಿದ್ದೆ, “ನಿಮ್ಮ ಮಗಳಿಗೆ ಕೇಳಿ ನೋಡಿ,” ಅಂದರು. ಈ ತಿಂಗಳ ಕೊನೆಯವರೆಗೆ ಬೇರೆಯವರಿಗೆ ಹೇಳುವುದಿಲ್ಲವಂತೆ.

ಹಾಗಾಗಿ ಕೇಳುತ್ತಿದ್ದೇನೆ. ಬೆಲೆ ಕಟ್ಟುವವಳಾಗಿ ಕೇಳಿದರೆ, ಕೊಳ್ಳಬೇಡ ಅನ್ನುತ್ತೇನೆ. ಪೆಟ್ರೋಲು ಕುಡಿಯುತ್ತದೆ. ಬಿಡಿಭಾಗ ಸಿಕ್ಕುವುದಿಲ್ಲ. ಬ್ರೇಕು ಒತ್ತಲು ತೊಡೆಯಲ್ಲಿ ಬಲ ಬೇಕು. ನೀನು ದಿನಾ ನಕ್ಷೆಯ ಸುರುಳಿ, ಅಳತೆಯ ಸಾಮಾನು ತುಂಬಿಕೊಂಡು ಊರೂರು ಅಲೆಯುವವಳು, ನಿನಗೆ ಆ ಕೆಂಪು ಕಾರೇ ಸರಿ, ಬೆಲ್ಟಿನ ತುದಿ ಸ್ವಚ್ಛವಾಗಿದ್ದರೆ. ಅಮ್ಮನಾಗಿ ಕೇಳಿದರೆ ಏನು ಹೇಳಬೇಕೋ ನನಗೆ ತೋಚದು. ಅದಕ್ಕೇ ಕಾಗದ ಇಷ್ಟು ತಡವಾದದ್ದು.

ನೀನು ಹೂಂ ಅಂದರೂ ಉಹೂಂ ಅಂದರೂ ನನಗೆ ಬೇಸರವಿಲ್ಲ. ಬಿಸಿಲಿನಲ್ಲಿ ಕೆಲಸ ಮಾಡುವಾಗ ತಲೆಗೆ ಏನಾದರೂ ಹಾಕಿಕೋ. ಅಳಿಯಂದಿರಿಗೆ ಬೆನ್ನುನೋವು ಕಡಿಮೆಯಾಯಿತೇ? ಡ್ರೈವರ್ ಸೀಟಿಗೆ ಒಂದು ದಿಂಬು ಹೊಲಿದು ಕಳಿಸುತ್ತೇನೆ ಅಂತ ಹೇಳು. ನೀವಿಬ್ಬರೂ ಹೋಗುವ ದಾರಿಯಲ್ಲಿ ಗುಂಡಿಗಳು ಕಡಿಮೆಯಿರಲಿ, ಹೋದ ಕಡೆಯೆಲ್ಲ ನಿಮಗೆ ನೆರಳು ಸಿಗಲಿ.

ನಿನ್ನ
ಅಮ್ಮ

ಮತ್ತೆ ಬರೆದದ್ದು: ಲಕೋಟೆ ಅಂಟಿಸಿಯಾಗಿತ್ತು, ಬಿಚ್ಚಿದೆ. ಡಾಕ್ಟರು ಕೇಳಿದ್ದನ್ನೇ ನೀನೂ ಒಂದು ದಿನ ಕೇಳಿದ್ದೆ. ಸ್ಕೂಲಿನಿಂದ ಬಂದು, ಅಂಗಳದಲ್ಲಿ ಎಣ್ಣೆಯ ಕಲೆ ಮಾತ್ರ ಉಳಿದದ್ದು ನೋಡಿ. ಜಾಗ ಸಾಲದು ಅಂತ ಮಾರಿದೆ ಅಂದೆ. ಅದು ಸುಳ್ಳು.

ಅಪ್ಪ ತೀರಿಕೊಂಡ ಮೇಲೆ ದಿನಾ ಸಾಯಂಕಾಲ ನೀನು ಟಾರ್ಪಾಲಿನ ಕೆಳಗೆ ನುಸುಳಿ ಕಾರಿನಲ್ಲಿ ಕೂರುತ್ತಿದ್ದೆ. ಆಟ ಆಡುತ್ತೀಯ ಅಂದುಕೊಂಡಿದ್ದೆ. ಒಂದು ದಿನ ಊಟಕ್ಕೆ ಕರೆಯಲು ಬಂದವಳು ಹೊರಗೇ ನಿಂತೆ. ನೀನು ಅಪ್ಪನ ಹತ್ತಿರ ಮಾತಾಡುತ್ತಿದ್ದೆ. ಹೊಟ್ಟೆ ನೋಯ್ತಿದೆ, ಬಟ್ಟೆಯಲ್ಲಿ ರಕ್ತ ಇದೆ, ಭಯ ಆಗ್ತಿದೆ ಅಂದೆ. “ಅಮ್ಮನಿಗೆ ಹೇಳ್ಬೇಡ ಅಪ್ಪ, ಅವಳು ಈಗಾಗ್ಲೇ ತುಂಬ ಅಳ್ತಾಳೆ,” ಅಂದೆ.

ನಾನು ಟಾರ್ಪಾಲು ಎತ್ತಿ ನಿನ್ನನ್ನು ತಬ್ಬಿಕೊಳ್ಳಬೇಕಾಗಿತ್ತು. ಸದ್ದು ಮಾಡದೆ ಒಳಗೆ ಹೋದೆ. ನನಗೆ ಹೊಟ್ಟೆಕಿಚ್ಚು ಬಂದಿತ್ತು, ಮಗಳೇ, ಸತ್ತ ಗಂಡನ ಮೇಲೆ. ಮುಂದಿನ ವಾರ, ಬಂದ ಮೊದಲನೆಯವನಿಗೆ, ಕೇಳಿದ ಬೆಲೆಗೆ ಕೊಟ್ಟೆ. ಕಾರು ಹೋದರೆ ನನ್ನ ಹತ್ತಿರ ಬರುತ್ತೀಯ ಅಂದುಕೊಂಡಿದ್ದೆ.

ನೀನು ಬರಲಿಲ್ಲ. ಇಪ್ಪತ್ತೆರಡು ವರ್ಷವಾಯಿತು. ಆಮೇಲೆ ನೀನು ಯಾರ ಹತ್ತಿರ ಮಾತಾಡಿದೆ?