ಟೊಳ್ಳು ಗೋಡೆ

ಬುಧವಾರ, ಬೆಳಗ್ಗೆ

ನನ್ನ ಕತ್ತರಿರಾಣಿಗೆ,

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ, ಕಾಲು ಹೇಗಿದೆ? ನಿದ್ದೆ ಬರುತ್ತಿದೆಯೇ?

ಈ ಪತ್ರವನ್ನು ನಿನ್ನ ಅತ್ತಿಗೆಯ ಕೈಲಿ ಕಳಿಸುತ್ತಿದ್ದೇನೆ. ದಿನಾ ಸಂಜೆ ಆಸ್ಪತ್ರೆಗೆ ಬಂದು, ಮಂಚದ ಪಕ್ಕ ಕೂತು ಕಿತ್ತಳೆ ಸುಲಿದು ಕೊಡುವವನಿಗೆ ಪತ್ರದ ಹಂಗೇಕೆ ಎಂದು ನಗಬೇಡ. ಅಲ್ಲಿ ನಿನ್ನ ಅಣ್ಣ ಇರುತ್ತಾನೆ. ಪಕ್ಕದ ಮಂಚದ ಅಜ್ಜಿಯೂ ಪರದೆಗೆ ಕಿವಿ ಹಚ್ಚಿಕೊಂಡಿರುತ್ತಾಳೆ. ನೋಡು, ಶುರುವಿನಲ್ಲೇ ನೆಪ ಹೇಳುತ್ತಿದ್ದೇನೆ. ನಿನ್ನ ಮುಖ ನೋಡಿಕೊಂಡು ಹೇಳುವ ಧೈರ್ಯವಿಲ್ಲ, ಅಷ್ಟೇ.

ಶುಕ್ರವಾರ ನಿನ್ನನ್ನು ಮನೆಗೆ ಕಳಿಸುತ್ತಾರೆ. ಮನೆಯೊಳಗೇ ಗೋಡೆ ಎಬ್ಬಿಸಿದವನ ಹತ್ತಿರ ನಿನಗೇನು ಕೆಲಸ, ನಮ್ಮನೆಗೆ ಬಾ ಎಂದು ನಿನ್ನೆ ಅಣ್ಣ ನನ್ನೆದುರಿಗೇ ಅಂದ. ನೀನು ನನ್ನ ಪರ ನಿಂತೆ. "ನಾನು ಕೂಗಿದ್ದು ಕೇಳಿಸಿದ್ರೆ ಓಡಿ ಬರ್ತಿದ್ರು ಅಣ್ಣಾ. ಇವರ ಕೈಕೆಲಸ ಅಂದ್ರೆ ಸುಮ್ನೇನಾ? ಆ ಕಡೆ ಸಿಡಿಲು ಬಿದ್ರೂ ಈ ಕಡೆ ಗೊತ್ತಾಗಲ್ಲ" ಅಂದೆ. ನರ್ಸಮ್ಮ ಕೂಡ ನಕ್ಕರು. ನಾನು ಕಿತ್ತಳೆ ಸಿಪ್ಪೆಯನ್ನು ಚೂರು ಚೂರು ಮಾಡುತ್ತಾ ಕೂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅನ್ನಲೂ ಇಲ್ಲ, ಹೊಗಳಿದರು. ಆದರೂ ನನ್ನ ಕೈ ಹೆಗಲಿಗೆ ಹೋಯಿತು. ಆ ಮಾತನ್ನು ನಂಬಿಕೊಂಡು ನೀನು ನನ್ನ ಜೊತೆ ಬರುವುದು ಬೇಡ. ಇದನ್ನು ಓದಿ, ಆಮೇಲೆ ಎಲ್ಲಿಗೆ ಹೋಗುವುದೆಂದು ತೀರ್ಮಾನ ಮಾಡು.

ಅಂಗಡಿಗೆ, ಆಫೀಸಿಗೆ, ಮನೆಗೆ ಮರದ ಹಲಗೆಯ ಅಡ್ಡ ಕಟ್ಟಿಕೊಡುವುದು ನನ್ನ ಕಸುಬು. ಗಿರಾಕಿ ಯಾವ ಮಾತು ಹಿಡಿದು ಬರುತ್ತಾನೆ ಅನ್ನುವುದರಲ್ಲೇ ಅವನ ಮನೆ ಕಥೆ ಇರುತ್ತದೆ ಎಂದು ನಾನೇ ನಿನಗೆ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. 'ಒಂದು ಮರೆ ಬೇಕಿತ್ತು' ಅನ್ನುವವರಿಗೆ ಸಂಕೋಚ. 'ಪರದೆ ಸಾಕು' ಅನ್ನುವವರು ನಾಳೆ ಸರಿಸುವ ಆಸೆ ಇಟ್ಟುಕೊಂಡಿರುತ್ತಾರೆ. 'ತಡಿಕೆ' ಅಂದರೆ ಕೈ ಬಿಗಿ. 'ಪಾರ್ಟಿಶನ್' ಅನ್ನುವವರು ಅಣ್ಣತಮ್ಮಂದಿರು, ವಕೀಲರ ಹತ್ತಿರ ಹೋಗಿ ಬಂದಿರುತ್ತಾರೆ. 'ಗೋಡೆನೇ ಎಬ್ಬಿಸಿಬಿಡಿ' ಅಂದವರಿಗೆ ಮಾತ್ರ ನಾನು ಟೀ ತರಿಸಿ, ಒಂದು ವಾರ ಬಿಟ್ಟು ಬನ್ನಿ ಅನ್ನುತ್ತಿದ್ದೆ. ಎಷ್ಟೋ ಜನ ತಿರುಗಿ ಬರಲೇ ಇಲ್ಲ. ಲೋಕಕ್ಕೆಲ್ಲ ಬುದ್ಧಿ ಹೇಳಿದ ಮಹಾನುಭಾವ ತನ್ನ ಮನೆಗೆ ಒಂದು ವಾರ ಕಾಯಲಿಲ್ಲ.

ನೀನು ಕೇಳಿದ್ದು ಮರೆ. ಬಟ್ಟೆ ಅಳತೆ ಕೊಡಲು ಬರುವ ಹೆಂಗಸರಿಗೆ ಹಾಲಿನ ಮೂಲೆಯಲ್ಲಿ ಒಂದು ಮರೆ. ಅದನ್ನು ಕೇಳಿದ ಹೊತ್ತು ಸರಿ ಇರಲಿಲ್ಲ. ಬಗ್ಗಿ ಕತ್ತರಿಸಿ ನಿನಗೆ ಬೆನ್ನು ನೋವು ಬಂದಿತ್ತು. ಅದಕ್ಕೆ ಕಾರಣ ನಾನೇ. ನಿನಗೆ ಎತ್ತರವಾಯಿತೆಂದು ಕೇಳದೆ ಹೇಳದೆ ನಿನ್ನ ಮೇಜಿನ ಕಾಲು ಗೇಣುದ್ದ ಕೊಯ್ದು ಹಾಕಿದ್ದೆ. ನೀನು ನಿಂತುಕೊಂಡು ಬಟ್ಟೆ ಕತ್ತರಿಸುವವಳೆಂದು ಇಷ್ಟು ವರ್ಷ ನೋಡಿದ ಈ ಕಣ್ಣಿಗೆ ಹೊಳೆದೇ ಇರಲಿಲ್ಲ. "ಊರ ಅಳತೆಯೆಲ್ಲ ಗೊತ್ತು, ನನ್ನ ಅಳತೆ ಗೊತ್ತಿಲ್ಲ" ಅಂದೆ. ಸತ್ಯವಾದ ಮಾತು ಜಾಸ್ತಿ ಉರಿಯುತ್ತದೆ. ಹಾಗಾದರೆ ನಿನ್ನದು ನಿನಗೆ, ನನ್ನದು ನನಗೆ ಎಂದು ನೆಲದಿಂದ ಸೂರಿನವರೆಗೆ ಪ್ಲೈವುಡ್ ನಿಲ್ಲಿಸಿದೆ. ನಿನಗೆ ಬೀದಿ ಕಡೆಯ ಬಾಗಿಲು ಬಿಟ್ಟೆ. ನಡುವೆ ಒಂದು ಬಾಗಿಲಿಟ್ಟು, ಅದರ ಚಿಲಕವನ್ನು ನನ್ನ ಕಡೆ ಹಾಕಿಕೊಂಡೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾವು ಬೇರೆ ಬೇರೆ ಉಂಡು ಬೇರೆ ಬೇರೆ ಮಲಗಿದೆವು, ಅದು ಹೇಗೆ ಮುಗಿಯಬೇಕು?

ಈಗ ಗೋಡೆಯ ವಿಷಯ. ಎರಡು ಹಲಗೆಗಳ ನಡುವೆ ಗ್ಲಾಸ್ ವೂಲ್, ಅಂದರೆ ಗಾಜಿನ ಹತ್ತಿ ತುಂಬಿದರೆ ಸದ್ದು ದಾಟುವುದಿಲ್ಲ. ಅದರ ಸುರುಳಿಯನ್ನು ನಾನು ಹೊತ್ತು ತಂದದ್ದನ್ನು ನೀನು ನೋಡಿದೆ. ಆದರೆ ತುಂಬಲಿಲ್ಲ. ಅದು ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಹಾಗೇ ಇದೆ. ನಮ್ಮ ಗೋಡೆ ಬರೀ ಟೊಳ್ಳು. ನಿನ್ನ ಹೊಲಿಗೆ ಯಂತ್ರದ ಸದ್ದಿಲ್ಲದೆ ನನಗೆ ಹೊತ್ತು ಹೋಗುವುದಿಲ್ಲ. ನೀನು ಗಿರಾಕಿಗಳ ಜೊತೆ ನಗುವುದು, ದಾರ ಹಲ್ಲಲ್ಲಿ ಕಚ್ಚಿಕೊಂಡು ಮಾತಾಡುವುದು, ಒಬ್ಬಳೇ ಇದ್ದಾಗ ಬೆನ್ನು ಹಿಡಿದು ಉಸ್ಸೆನ್ನುವುದು, ಎಲ್ಲಾ ಕೇಳಿಸಿಕೊಂಡು ಬದುಕಿದ್ದೆ. ನನ್ನ ಸದ್ದು ನಿನಗೆ ಕೇಳಬಾರದೆಂದು ಮಾತ್ರ ಬೆಕ್ಕಿನ ಹಾಗೆ ಓಡಾಡುತ್ತಿದ್ದೆ. ಅದಕ್ಕೇ ನೀನು ಗೋಡೆ ಗಟ್ಟಿ ಎಂದುಕೊಂಡೆ.

ಆದ್ದರಿಂದ ಹೇಳುತ್ತಿದ್ದೇನೆ, ಅವತ್ತು ಮಧ್ಯಾಹ್ನ ನನಗೆ ಕೇಳಿಸಿತು.

ಮೊದಲು ದಡ್ ಎಂದಿತು. ಬಟ್ಟೆಯ ಥಾನು ಬಿದ್ದಿರಬೇಕು ಅಂದುಕೊಂಡೆ. ಆಮೇಲೆ ನೀನು ಒಂದು ಸಲ "ರೀ" ಎಂದು ಕರೆದೆ. ಎಷ್ಟು ದಿನದ ಮೇಲೆ ಆ ಶಬ್ದ! ನೀನು ಸ್ಟೂಲಿನಿಂದ ಬಿದ್ದಿದ್ದೀಯೆಂದು ತಿಳಿಯಲಿಲ್ಲ. ಸೋತು ಬಂದಳು, ರಾಜಿಗೆ ಕರೆಯುತ್ತಿದ್ದಾಳೆ ಎಂದು ಹಿಗ್ಗಿಬಿಟ್ಟೆ. ಕರೆದ ತಕ್ಷಣ ಓಡಿದರೆ ಗಂಡಸಿನ ಬೆಲೆ ಏನಾಗಬೇಕು ಎಂಬ ದರಿದ್ರ ಬಿಂಕ. ಸ್ವಲ್ಪ ಹೊತ್ತಾದ ಮೇಲೆ ಅಂಗಿ ಸರಿಮಾಡಿಸಲು ಬಂದ ಟೀಚರಮ್ಮ ಕಿರುಚಿಕೊಂಡರು. ಆಗ ಚಿಲಕ ತೆಗೆದು ತಳ್ಳಿದೆ. ಬಾಗಿಲು ಅಲ್ಲಾಡಲಿಲ್ಲ. ನೀನು ಅದಕ್ಕೇ ಒರಗಿ ಬಿದ್ದಿದ್ದೆ. ಬೀದಿ ಸುತ್ತಿಕೊಂಡು ಒಳಗೆ ಬಂದೆ. ಕೇಳಿಸಲಿಲ್ಲವೇ ಎಂದು ಟೀಚರಮ್ಮ ಗದರಿದಾಗ, ಈ ಗೋಡೆಯಲ್ಲಿ ಏನೂ ಕೇಳಿಸುವುದಿಲ್ಲ ಎಂದುಬಿಟ್ಟೆ. ನೀನು ಅಣ್ಣನಿಗೆ ಹೇಳಿದ್ದು ನನ್ನ ಆ ಸುಳ್ಳನ್ನೇ.

ಡಾಕ್ಟರು ಹೇಳಿದ್ದು ನಿನಗೂ ಗೊತ್ತು. ಬಿದ್ದಲ್ಲೇ ಇದ್ದಿದ್ದರೆ ಎಲುಬು ಪಟ್ಟಿಯಲ್ಲೇ ಕೂಡುತ್ತಿತ್ತು. ಬಾಗಿಲವರೆಗೆ ತೆವಳಿದ್ದರಿಂದ ಜರುಗಿ, ಒಳಗೆ ಕಂಬಿ ಹಾಕಬೇಕಾಯಿತು. ನಿನಗೆ ಬೇಲಿಯಾಗಿರಬೇಕಾದವನು ನಾನು. ಬೇಲಿಯೇ ಎದ್ದು ಹೊಲ ಮೇಯಿತು.

ಗೋಡೆಯನ್ನು ಕಿತ್ತಿಲ್ಲ. ಕಿತ್ತು ತೋರಿಸಿ ನಿನ್ನ ಕರುಣೆ ಗಿಟ್ಟಿಸುವುದು ಸರಿ ಅನ್ನಿಸಲಿಲ್ಲ. ಮೇಜಿನ ಕಾಲಿಗೆ ತುಂಡು ಕೂಡಿಸಿ ಮೊದಲಿನ ಎತ್ತರಕ್ಕೆ ತಂದಿದ್ದೇನೆ. ಚಿಲಕ ಬಿಚ್ಚಿ ನಿನ್ನ ಕಡೆ ಹಾಕಿದ್ದೇನೆ. ನೀನು ಅಣ್ಣನ ಮನೆಗೆ ಹೋದರೆ ನಾನು ಒಂದು ಮಾತೂ ಆಡುವುದಿಲ್ಲ. ನಿನ್ನ ಯಂತ್ರ, ಕತ್ತರಿ, ದಾರದ ಡಬ್ಬಿ ಎಲ್ಲವನ್ನೂ ನಾನೇ ತಂದುಕೊಡುತ್ತೇನೆ. ಬಂದರೆ, ಉಳಿದದ್ದನ್ನು ಮನೆಯಲ್ಲಿ ಬೈಯಿ.

ಇಂತಿ, ನಿನ್ನವನು ಎಂದು ಬರೆಯಲು ನಿನ್ನ ಅಪ್ಪಣೆ ಕಾಯುತ್ತಿರುವ
ನಿನ್ನ ಬಡಗಿ

ಮರೆತದ್ದಲ್ಲ, ಬಚ್ಚಿಟ್ಟದ್ದು: ಒಂದು ಸಲ ಕರೆದೆ ಎಂದು ಮೇಲೆ ಬರೆದಿದ್ದೇನೆ. ಮಡಿಸಿದ ಪತ್ರವನ್ನು ಅದಕ್ಕೇ ಮತ್ತೆ ಬಿಚ್ಚಿದೆ. ನೀನು ಕರೆದದ್ದು ಮೂರು ಸಲ. ಎರಡನೆಯದಕ್ಕೇ ಅದು ನೋವಿನ ದನಿ ಎಂದು ಗೊತ್ತಾಗಿತ್ತು. ಮೂರನೆಯದು ಬಾಗಿಲ ಬುಡದಿಂದ ಬಂತು. ಆಗ ನಾನು ಈಚೆ ಕಡೆ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದೆ. ಇನ್ನೊಂದೇ ಒಂದು ಸಲ ಕರೆಯಲಿ, ತೆಗೆಯುತ್ತೇನೆ ಎಂದು ಕಾದೆ. ನೀನು ಮತ್ತೆ ಕರೆಯಲಿಲ್ಲ.