ಬಿಲ್ಲಿನಲ್ಲಿ ಬೇಡವೆಂದ ಡಿಸ್ಕೌಂಟ್

೪ ಮೇ ೨೦೧೫, ಸೋಮವಾರ

ನಾನು ಮುನಿಕೆಂಪಮ್ಮ. ಅಮೃತಹಳ್ಳಿ ದೊಡ್ಡಮುನಿಯಪ್ಪನವರ ಹಿರಿಯ ಸೊಸೆ. ಎಸ್ಸೆಸ್ಸೆಲ್ಸಿ ಪಾಸು. ಈ ಬೀದಿಯಲ್ಲಿ ನನ್ನನ್ನು ಕೇಳದೆ ಯಾರೂ ಬೋರ್‌ವೆಲ್ ಕೊರೆಸಿಲ್ಲ. ಜಮೀನೆಲ್ಲ ಲೇಔಟ್ ಆಗಿ ಹೋಯಿತು. ಉಳಿದದ್ದು ಈ ಕಟ್ಟಡ, ಅದರ ಬಾಡಿಗೆ.

ಯಜಮಾನರು ಕಿಡ್ನಿ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದಿದ್ದಾರೆ. ಇನ್ನೊಂದು ಬಾಕಿ. ಮಾತ್ರೆಯೆಲ್ಲ ಕೆಳಗಿನ ಅಕ್ಬರ್ ಪಾಷಾನ ಮೆಡಿಕಲ್ ಶಾಪಿನಿಂದ. ನಮ್ಮ ಬಾಡಿಗೆದಾರ. ನಮಗೆ ಬೆಲೆಯಲ್ಲಿ ಕಾಲು ಭಾಗ ಬಿಡುತ್ತಾನೆ. ಮಾಲೀಕರಿಗೆ ಸಲ್ಲುವ ಮರ್ಯಾದೆ. ಆದರೆ ಇವತ್ತು ಬಿಲ್ಲಿನಲ್ಲಿ, ಯಜಮಾನರ ಹೆಸರಿನ ಕೆಳಗೇ, ‘ಡಿಸ್ಕೌಂಟ್’ ಎಂದು ಅಚ್ಚಾಗಿತ್ತು.

“ಏನಯ್ಯಾ ಪಾಷಾ, ನಮ್ಮನೆಯವ್ರೇನು ಚೌಕಾಸಿ ಗಿರಾಕೀನಾ?”

“ಅಯ್ಯೋ ಅಮ್ಮಾ, ಕಂಪ್ಯೂಟರ್ ಹಾಕುತ್ತೆ.”

“ನೀನು ತೆಗಿ. ಬಿಡೋದನ್ನ ಕೈಗೆ ಕೊಡು.”

ತೆಗೆದ. ಪೂರ್ತಿ ಬೆಲೆಯ ಬಿಲ್ ಕೊಟ್ಟ. ಮುಂದೆಯೂ ಹೀಗೇ ಎಂದು ಹೇಳಿ ಬಂದೆ.

೨೬ ಮೇ

ಮಗ ಉಮೇಶ ಆ ಬಿಲ್ಲುಗಳನ್ನೇ ಇನ್ಶೂರೆನ್ಸ್‌ಗೆ ಕೊಟ್ಟಿದ್ದ. ಕಂಪನಿಯವರು ಬಂದು ಪಾಷಾನ ಲೆಕ್ಕ ನೋಡಿದ್ದಾರೆ. ನಾವು ನಿಜವಾಗಿ ಕೊಟ್ಟಷ್ಟಕ್ಕೆ ಮಾತ್ರ ಕ್ಲೇಮ್ ಅಂತೆ. ಬಿಲ್ಲಿನಲ್ಲಿ ಹೆಚ್ಚಿದೆ — ಸುಳ್ಳು ಬಿಲ್. ಕ್ಲೇಮ್ ಇಲ್ಲ, ಪಾಲಿಸಿಯೂ ರದ್ದು. ಎರಡನೇ ಆಪರೇಷನ್ ಅದರಲ್ಲೇ ಆಗಬೇಕಿತ್ತು...

ಸುಳ್ಳು. ಈ ಮನೆಗೆ ಆ ಮಾತು. ನನಗಿದು ಹೊಳೆಯಲೇ ಇಲ್ಲ.

೨ ಜೂನ್, ಮಧ್ಯಾಹ್ನ

ವಿಮೆ ದೂರು ಕೇಳುವ ಸರ್ಕಾರಿ ಕಚೇರಿಗೆ ಹೋಗಿದ್ದೆ. ಹೆಬ್ಬಾಳದ ಫ್ಲೈಓವರ್ ಟ್ರಾಫಿಕ್‌ನಲ್ಲೇ ಅರ್ಧ ಹೊತ್ತು ಹೋಯಿತು. ಅಧಿಕಾರಿ ಹೆಂಗಸು, ಒಳ್ಳೆಯ ಮಾತು. ಕುರ್ಚಿ ಕೊಟ್ಟಳು.

“ರೂಲ್ಸ್ ಹಿಂಗಿದೆ ಅಮ್ಮಾ, ನಮ್ಮ ಕೈಲೂ ಇಲ್ಲ. ಅಂಗಡಿಯವ್ನೇ ನಿಮಗೆ ಗೊತ್ತಿಲ್ದೆ ಹಂಗೆ ಮಾಡಿದ್ರೆ ಬರ್ಕೊಡಿ. ನಿಮ್ಮ ಪಾಲಿಸಿ ಉಳಿಯುತ್ತೆ.”

“ಅವನಿಗೆ?”

“ಲೈಸೆನ್ಸ್ ಕಷ್ಟ.”

೩ ಜೂನ್

“ಅಪ್ಪ ಮುಖ್ಯಾನಾ, ಪಾಷಾ ಮುಖ್ಯಾನಾ? ಒಂದು ಸೈನ್ ಹಾಕಮ್ಮಾ.” ಉಮೇಶ ಊಟ ಬಿಟ್ಟು ಎದ್ದ.

ಪಾಷಾ ಮೆಟ್ಟಿಲ ಮೇಲೆ ನಿಂತಿದ್ದ. ಒಳಗೆ ಕರೆದರೂ ಬರಲಿಲ್ಲ. “ನೀವೇ ತೆಗೆಸಿದ್ದಲ್ವಾ ಅಮ್ಮಾ?” ಎಂದ. ಅಷ್ಟೇ.

ಹೌದು ಎನ್ನದೆ, “ನೋಡೋಣ” ಎಂದೆ. ನನ್ನ ಬಾಗಿಲಲ್ಲಿ ಯಾರಿಗೂ ಹಾಗೆ ಹೇಳಿದವಳಲ್ಲ.

೧೧ ಜೂನ್, ಸಂಜೆ

ಬರೆದುಕೊಟ್ಟು ಬಂದೆ. ತೆಗೆಸಿದ್ದು ನಾನು, ಅಂಗಡಿಯವನ ತಪ್ಪಿಲ್ಲ, ಎಂದು. ಅಧಿಕಾರಿ ಎರಡು ಸಲ ಓದಿದಳು. “ಇನ್ನು ನಿಮಗೆ ಏನೂ ಸಿಗಲ್ಲ, ಗೊತ್ತಲ್ವಾ?” ಎಂದಳು. ಸೀಲು ಒತ್ತಿದಳು.

ಬರುವಾಗ ಪಾಷಾನ ಅಂಗಡಿಯಲ್ಲಿ ಮಾತ್ರೆ ಕೊಂಡೆ. ಬಿಲ್ ಹಾಕುವಾಗ, ಡಿಸ್ಕೌಂಟ್ ಹಾಕಲೋ ಬೇಡವೋ ಎಂದು ನನ್ನ ಮುಖ ನೋಡಿದ.

“ಹಾಕು” ಎಂದೆ.

ಡಿಸ್ಕೌಂಟ್ ಅಚ್ಚಾಗಿ ಬಂತು.

ಈಗ ಒಳಗಿನಿಂದ ಯಜಮಾನರು ಕರೆಯುತ್ತಿದ್ದಾರೆ. “ಕೆಂಪಮ್ಮಾ, ಆಪರೇಷನ್ ದಿನ ಹೇಳಿದ್ರಾ?” ಹೋಗಿ ಏನು ಹೇಳಲಿ?